ಅತ್ತೆ ನಡೆಸಿದ ಆ್ಯಪ್ ವಿಚಾರಣೆ

ನಮ್ಮ ಸೋದರತ್ತೆಯ ಕೈಗೆ ಯಾವ ಯಂತ್ರವನ್ನೂ ಕೊಡಬಾರದು. ಕೆಡಿಸುತ್ತಾರೆಂದಲ್ಲ, ಅದು ಹೇಗೆ ನಡೆಯುತ್ತದೆಂದು ತಿಳಿಯುವ ತನಕ ಯಾರನ್ನೂ ಬಿಡುವುದಿಲ್ಲ! ಮಾನ್ವಿಯಲ್ಲಿ ಜಂಪರು ಹೊಲಿಯುವ ಇವರು, ಹೊಸ ಹೊಲಿಗೆ ಮಷಿನ್ ಬಂದ ದಿನವೇ ಅದನ್ನು ಪೂರ್ತಿ ಬಿಚ್ಚಿ ಜೋಡಿಸಿ, ಒಂದು ಸ್ಕ್ರೂ ಉಳಿದಾಗ "ಇದನ್ನ ಹೆಚ್ಚಿಗಿ ಕೊಟ್ಟಾರ" ಎಂದವರು.

ಗಂಟಲಿನ ಆಪರೇಷನ್ ಆಗಿ ಮಾವನ ದನಿ ಹೋಯಿತು. ಅಂದಿನಿಂದ ಅವರು ಮೊಬೈಲಿನಲ್ಲಿ ಬರೆಯುತ್ತಾರೆ, ಒಂದು ಆ್ಯಪ್ ಅದನ್ನು ಓದಿ ಹೇಳುತ್ತದೆ. ಅದೂ ಎಳೆ ಹುಡುಗಿಯ ದನಿಯಲ್ಲಿ! "ನಲವತ್ತು ವರ್ಷದಾಗ ಇವ್ರು ಇಷ್ಟು ಮೆತ್ತಗ ಒಂದಿನಾನೂ ಮಾತಾಡಿಲ್ಲ" ಎಂದು ಅತ್ತೆ ನಗುತ್ತಿದ್ದರು.

ಒಮ್ಮೆ ಮಾವ ಸಾರಿನ ಉಪ್ಪಿನ ಬಗ್ಗೆ ಎಂಟು ಸಾಲು ಬರೆದರು. ನಡುವೆ ಯಾರೋ ಕಳಿಸಿದ ವಿಡಿಯೊ ನೋಡಿ ಮರಳಿದರೆ, ಆ್ಯಪ್ ಹೊಸದಾಗಿ ಶುರುವಾಗಿದೆ, ಎಂಟೂ ಸಾಲು ಮಾಯ! ಅತ್ತೆ ಆ ದಿನ ಹಿಗ್ಗಿದ್ದೇನು! ಆದರೆ ಹೀಗೇ ನಾಲ್ಕಾರು ಸಲ ಆದ ಮೇಲೆ ಮಾವ ಬರೆಯುವುದನ್ನೇ ಬಿಟ್ಟರು. ಏನು ಕೇಳಿದರೂ ಬರೀ ತಲೆಯಾಡಿಸುವುದು. ಮೂರು ದಿನ ನೋಡಿದ ಅತ್ತೆ, ಮಷಿನ್ನಿಗೆ ಬಟ್ಟೆ ಹೊದಿಸಿ, "ನಡಿಯಲೇ, ರಾಯಚೂರಿಗೆ" ಎಂದು ನನ್ನನ್ನು ಬಸ್ಸಿಗೆ ಹತ್ತಿಸಿದರು.

ಮೊಬೈಲ್ ರಿಪೇರಿ ಅಂಗಡಿಯ ಚಾಚಾ ಫೋನ್ ತಿರುಗಿಸಿ ನೋಡಿ, "ಹಳೇದಾಗೇತಿ ಅಕ್ಕಾ, ಹೊಸಾದು ತಗೋರಿ" ಎಂದರು.

"ಗುಂಡಿ ಕಿತ್ತರ ಯಾರಾದ್ರೂ ಹೊಸ ಅಂಗಿ ತಗೋತಾರೇನ್ರಿ? ಯಾಕ ಹಿಂಗ ಆಗ್ತದ, ಅದನ್ನ ಹೇಳ್ರಿ" ಎಂದು ಅತ್ತೆ ಸ್ಟೂಲ್ ಎಳೆದು ಕೂತೇಬಿಟ್ಟರು. ಗಿರಾಕಿಗಳು ಬಂದರು, ಹೋದರು. ಅತ್ತೆ ಕದಲಲಿಲ್ಲ!

ಕೊನೆಗೆ ಚಾಚಾ ಚಹಾ ತರಿಸಿದರು. "ದೇಖೋ ಅಕ್ಕಾ, ಫೋನ್ ಚಾಲೂ ಆದಕೂಡ್ಲೆ ಒಳಗ ಒಂದು ತಾಯಿ ಪ್ರೋಸೆಸ್, ಅಂದ್ರ ಮೂಲ ಅಚ್ಚು, ತಯಾರಾಗ್ತದ. ಎಲ್ಲಾ ಆ್ಯಪಿಗೂ ಬೇಕಾದ ಸಾಮಾನು ಅದರಾಗ ಇರ್ತದ. ನೀವು ಆ್ಯಪ್ ಒತ್ತಿದ್ರ, ಅದರದೇ ಒಂದು ನಕಲು ಆಗಿ, ಆ ಆ್ಯಪ್ ಅದರಾಗ ನಡೀತದ. ಅದಕ್ಕ ಲಗೂನ ತೆರೀತದ."

"ನಾ ಅಳತಿ ಕಾಗದ ಇಟ್ಟು ಜಂಪರ ಕತ್ತರಿಸಿದಂಗ!"

"ಹಂಗs. ಪ್ರತಿಯೊಂದಕ್ಕೂ ಮೆಮರಿಯಾಗ ಬ್ಯಾರೆ ಜಾಗಾ. ಜಾಗಾ ಸಾಲದಿದ್ರ, ಕಣ್ಮುಂದ ಇಲ್ಲದ್ದನ್ನ ಫೋನ್ ಸಾಯಿಸಿಬಿಡ್ತದ. ಮತ್ತ ಒತ್ತಿದ್ರ ಹೊಸ ನಕಲು."

"ಅಂದ್ರ ನಮ್ಮವರ ಮಾತು ದಿನಾ ಸತ್ತು ಹುಟ್ಟಾಕತ್ತದ! ಹುಟ್ಟೋದು ತಿಳೀತು. ಸಾಯದಂಗ ಏನು ಮಾಡ್ಬೇಕು?"

"ಉಳಿದವನ್ನ ಕಡಿಮಿ ಮಾಡ್ರಿ."

ಬಸ್ಸಿನಲ್ಲೇ ವಿಚಾರಣೆ ಶುರುವಾಯಿತು. ಮಾವನ ಫೋನಿನಲ್ಲಿ ನಾನು ಹಾಕಿಕೊಂಡಿದ್ದ ಆಟ ಹೋಯಿತು, ಜಾತಕ ಹೋಯಿತು, ನಾಲ್ಕು ವಿಡಿಯೊ ಆ್ಯಪ್‌ಗಳು ಹೋದವು. ಕರೆ, ವಿಡಿಯೊ ಬಂದು ಅಡ್ಡಿಯಾಗದಿರಲೆಂದು ಸಿಮ್ ತೆಗೆದು ತಮ್ಮ ಬಟನ್ ಫೋನಿಗೆ ಹಾಕಿಕೊಂಡರು. ಉಳಿದದ್ದು ಅತ್ತೆ ದಿನವೂ ತಪ್ಪದೆ ನೋಡುವ ಧಾರಾವಾಹಿಯ ಆ್ಯಪ್. "ಅದು ಇರಲಿ ಅತ್ತಿ" ಎಂದೆ. ನನ್ನ ಮುಖ ನೋಡದೆ ಅದನ್ನೂ ತೆಗೆದರು.

ಮರುದಿನ ಮಧ್ಯಾಹ್ನ ಮಾವ ಬಹಳ ಹೊತ್ತು ಬರೆದರು. ನಡುವೆ ಫೋನು ಬದಿಗಿಟ್ಟು ಎದ್ದು ನೀರು ಕುಡಿದು ಬಂದರು. ಬರೆದದ್ದು ಹಾಗೇ ಇತ್ತು. ಸಾರಿನ ವಿಷಯವೇ ಬರುತ್ತದೆಂದು ನಾನು ಕಿವಿ ನಿಮಿರಿಸಿದೆ. ಫೋನು ಹೇಳಿತು:

"ನಿನ್ನ ಧಾರಾವಾಹಿ ಯಾಕ ತಗದಿ? ಹೋಗ್ಲಿ ಬಿಡು. ದಿನಾ ನಾನs ಒಂದು ಕತಿ ಹೇಳ್ತೀನಿ. ಮದುವ್ಯಾದ ಹೊಸದಾಗಿ, ನೀ ತವರಿಗೆ ಹೋಗಿದ್ದಿ, ನನಗ ಮನ್ಯಾಗ ಇರಾಕ ಆಗಲಿಲ್ಲ..."

ಅತ್ತೆಯ ಮಷಿನ್ ನಿಂತಿತು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಕುರ್ಚಿಯನ್ನು ಮಾವನ ಹತ್ತಿರಕ್ಕೆ ಎಳೆದುಕೊಂಡರು.

"ಆವಾಜ್ ಸ್ವಲ್ಪ ಜಾಸ್ತಿ ಮಾಡ್ರಿ" ಎಂದರು.