ಅಜ್ಜಿಯ ಸೌಟಿನ ಮುಂದೆ ನನ್ನ ಥೆರಪಿ

ನನ್ನ ಕೆಲಸ ಬಹಳ ಗಂಭೀರವಾದದ್ದು ಅಂತ ಎಷ್ಟು ಹೇಳಿಕೊಂಡ್ರೂ, ನಾನು ಕಾಲಿಟ್ಟ ಮನೆಯಲ್ಲಿ ಏನಾದ್ರೊಂದು ಎಡವಟ್ಟು ಆಗದೆ ದಿನ ಮುಗಿಯೋದಿಲ್ಲ. ಆಟಿಸಂ ಇರುವ ಪುಟ್ಟ ಮಕ್ಕಳ ಮನೆಗೆ ಹೋಗ್ತೀನಿ, ನೆಲದ ಮೇಲೆ ಕೂತು ಆಡ್ತಾ ಆಡ್ತಾ ಬೇಕಾದ್ದನ್ನು ಕೇಳೋದು, ಬೇಡವಾದ್ದನ್ನು ತಿಳಿಸೋದು ಕಲಿಸ್ತೀನಿ. ಈ ವರ್ಷ ಈ ಪರದೇಶದ ಊರಲ್ಲಿ ನನ್ನನ್ನು ಉತ್ತರ ತುದಿಯ ಶೋರ್‌ಲೈನ್‌ನಿಂದ ದಕ್ಷಿಣದ ರೆಂಟನ್‌ವರೆಗೆ ಡ್ರೈವ್ ಮಾಡಿಸಿದ್ದು ಬಾಗಲಕೋಟೆ ಕಡೆಯವರ ಒಂದು ಮನೆ. ಅಪ್ಪ ಇಂಜಿನಿಯರ್, ಅಮ್ಮನಿಗೆ ಮನೆಯಿಂದಲೇ ಆಫೀಸು, ಇನ್ನೂ ಮಾತು ಬಾರದ ಮೂರು ವರ್ಷದ ಮಗಳು. ಸಾಲದ್ದಕ್ಕೆ, ಮೊಮ್ಮಗಳನ್ನು ನೋಡೋಕೆ ಅಂತ ಬಂದು ಅಡುಗೆಮನೆಯನ್ನೇ ವಶ ಮಾಡ್ಕೊಂಡಿದ್ದ ಅಜ್ಜಿ.

ಸೋಪಿನ ಗುಳ್ಳೆ

ಮೊದಲ ದಿನ ಸೋಪಿನ ಗುಳ್ಳೆ ಊದುವ ಡಬ್ಬಿ ತಗೊಂಡು ಹೋಗಿದ್ದೆ. ಸ್ವಲ್ಪ ಊದಬೇಕು, ನಿಲ್ಲಿಸಬೇಕು, ಸುಮ್ಮನೆ ಕಾಯಬೇಕು. ಮಗು ನನ್ನ ಕಡೆ ನೋಡಿದ್ರೂ ಸರಿ, ಡಬ್ಬಿ ಮುಟ್ಟಿದ್ರೂ ಸರಿ, ಅದು ‘ಇನ್ನೂ ಬೇಕು’ ಅಂತ ಕೇಳಿದ ಹಾಗೆ. ಆಗ ಮತ್ತೆ ಊದಬೇಕು. ಆ ಕಾಯೋದರಲ್ಲೇ ನಾನು ಓದಿದ್ದೆಲ್ಲ ಇರೋದು.

ಊದಿದೆ, ನಿಲ್ಲಿಸಿದೆ, ಕಾದೆ. ಪುಟ್ಟಿ ಕೊನೆಯ ಗುಳ್ಳೆ ಒಡೆದು ಇನ್ನೇನು ನನ್ನ ಕಡೆ ತಿರುಗಬೇಕು, ಸೋಫಾ ಮೇಲಿದ್ದ ಅಜ್ಜಿ ಎದ್ದು ಬಂದು ಡಬ್ಬಿ ಕಿತ್ಕೊಂಡ್ರು. “ದಮ್ಮು ಹತ್ತಿತೇನವ್ವಾ? ನೀ ಕೂಡು, ನಾ ಊದ್ತೀನಿ.”

ಊದಿದ್ರು ನೋಡಿ, ಡಬ್ಬಿ ಖಾಲಿ ಆಗೋತನಕ! ಮಗು ಕುಣಿದಿದ್ದೇ ಕುಣಿದಿದ್ದು. ಯಾರನ್ನೂ ಏನೂ ಕೇಳುವ ಪ್ರಸಂಗವೇ ಬರಲಿಲ್ಲ. ನಾನು ಹೊರಡುವಾಗ ಅಜ್ಜಿ ಒಂದು ಲೋಟ ಬಿಸಿ ಹಾಲು ಕೈಗಿಟ್ಟು, ಈ ವಯಸ್ಸಿಗೇ ಉಬ್ಬಸ ಒಳ್ಳೇದಲ್ಲ, ಡಾಕ್ಟರಿಗೆ ತೋರಿಸ್ಕೋ ಅಂದ್ರು.

ಹೊಗಳಿಕೆ

ಮಗು ಏನಾದ್ರೂ ಸರಿಯಾಗಿ ಮಾಡಿದ ಕೂಡಲೇ ಹೊಗಳಿ ಅಂತ ಅಪ್ಪನಿಗೆ ಹೇಳಿಕೊಟ್ಟೆ. ಬರೀ ‘ಗುಡ್’ ಅಂದ್ರೆ ಆಗಲ್ಲ, ಯಾತಕ್ಕೆ ಗುಡ್ ಅಂತಲೂ ಹೇಳಬೇಕು. ಪಾಪ, ಆ ಮನುಷ್ಯನಿಗೆ ಹೊಗಳಿಕೆ ಬಾಯಿಗೇ ಬರ್ತಿರಲಿಲ್ಲ. ಇವರು ಇಡೀ ಶಾಲೆಗೆ ಮೊದಲಿಗರಾಗಿ ಪಾಸಾದಾಗ ಇವರ ಅಪ್ಪ ಪೇಪರಿನಿಂದ ತಲೆ ಎತ್ತದೆ “ಹ್ಞೂಂ” ಅಂದಿದ್ರಂತೆ. ಮನೆತನದಲ್ಲೇ ಅದು ದೊಡ್ಡ ಹೊಗಳಿಕೆ.

ಆದ್ರೂ ಹಠ ಹಿಡಿದು, ಆಫೀಸಿನ ದಾರಿಯಲ್ಲಿ ಸಿಗೋ ಟಕ್ವಿಲಾ ಊರಿನ ಹತ್ತಿರದ ಟ್ರಾಫಿಕ್ಕಲ್ಲಿ ಕಾರಿನೊಳಗೆ ಒಬ್ಬರೇ ಅಭ್ಯಾಸ ಮಾಡಿದ್ರು. ಅವರ ಮ್ಯಾನೇಜರ್ ಯಾರಿಗೂ ಮಾತು ಮುಗಿಸೋಕೆ ಬಿಡದ ಆಸಾಮಿ. ಒಂದು ಮೀಟಿಂಗ್‌ನಲ್ಲಿ ಅದ್ಯಾಕೋ ಇವರು ಮುಗಿಸೋತನಕ ಸುಮ್ಮನಿದ್ದ. ತಕ್ಷಣ ಇವರ ಬಾಯಿಂದ, ಅದೂ ಮಗುವಿನ ಹತ್ತಿರ ಆಡುವ ರಾಗದಲ್ಲೇ, “ವಾವ್, ನಿಮ್ಮ ಸರದಿ ಬರೋತನಕ ಎಷ್ಟು ಚೆನ್ನಾಗಿ ಕಾದ್ರಿ” ಅಂತ ಇಂಗ್ಲಿಷಲ್ಲಿ ಬಂದೇಬಿಡ್ತು.

ಕೆಲಸ ಹೋಯ್ತು ಅಂತ ಮನೆಗೆ ಬಂದು ಮುಸುಕೆಳೆದು ಮಲಗಿದ್ರಂತೆ. ಮುಂದಿನ ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೈಕಟ್ಟಿ ಕೂತು, ಒಬ್ಬೊಬ್ಬರ ಮಾತು ಮುಗಿದಾಗಲೂ ಆಸೆಯಿಂದ ಇವರ ಮುಖ ನೋಡ್ತಿದ್ನಂತೆ.

ಕೈ ಅಡ್ಡ

ಇಷ್ಟೆಲ್ಲ ನಗು ಇದ್ದ ಮನೇಲಿ ಊಟದ ಹೊತ್ತಿಗೆ ಮಾತ್ರ ಯಾರಿಗೂ ನಗು ಬರ್ತಿರಲಿಲ್ಲ. ಹೊಟ್ಟೆ ತುಂಬಿದ ಮೇಲೂ ಅಜ್ಜಿ ಅನ್ನ ಹಾಕೋರು. ಬೇಡ ಅನ್ನೋಕೆ ಬಾರದ ಮಗು ತಟ್ಟೆ ಎಸೆದು, ಕಿರುಚಿ, ಮೇಜಿನ ಕೆಳಗೆ ಸೇರಿಕೊಳ್ಳೋಳು. ಒಂದು ದಿನ ಅಮ್ಮ ಕಾರ್ಪೆಟ್ ಮೇಲಿನ ಅನ್ನ ಬಳಿತಾ ಅತ್ತುಬಿಟ್ಳು. “ನನ್ನ ಅವ್ವಾ ಅಂತ ಕರೀದಿದ್ರೂ ನಡೀತೈತಿ ಅಕ್ಕಾ. ಬ್ಯಾಡ ಅನ್ನೂದೊಂದು ತಿಳಿಸಾಕ ಬಂದ್ರ, ನನಗ ಅಷ್ಟ.” ನಾನೂ ಪಕ್ಕದಲ್ಲಿ ಕೂತು ಅನ್ನ ಬಳಿಯೋಕೆ ಶುರು ಮಾಡಿದೆ.

ನಾವೆಲ್ಲ ಊಟಕ್ಕೆ ಕೂತಾಗ ಮಾಡೋ ಹಾಗೆ, ತಟ್ಟೆಗೆ ಕೈ ಅಡ್ಡ ಹಿಡಿಯೋದನ್ನು ಕಲಿಸೋಣ ಅಂದೆ. ಆದ್ರೆ ಕೈ ಅಡ್ಡ ಬಂದ ತಕ್ಷಣ ಬಡಿಸೋರು ನಿಲ್ಲಿಸಲೇಬೇಕು, ಇಲ್ಲದಿದ್ರೆ ಹೇಳಿ ಏನೂ ಪ್ರಯೋಜನವಿಲ್ಲ ಅಂತ ಮಗು ಕಲಿತುಬಿಡುತ್ತೆ. ಅಜ್ಜಿ ಸುತಾರಾಂ ಒಪ್ಪಲಿಲ್ಲ. ಅವರ ಪ್ರಕಾರ ಮೊದಲ ಸಲದ ‘ಸಾಕು’ ನಾಚಿಕೆಗೆ, ಎರಡನೇದು ಮರ್ಯಾದೆಗೆ, ಮೂರನೇದರ ಮೇಲೂ ಒಂದು ರೊಟ್ಟಿ ಹಾಕೋದು ಬಡಿಸೋರ ಧರ್ಮ.

ಇರಿ, ನಾನೇ ತೋರಿಸ್ತೀನಿ ಅಂತ ಊಟಕ್ಕೆ ಕೂತೆ. ಹೋದ ಮನೆಗಳಲ್ಲಿ ನಾವು ಊಟ ಮಾಡೋ ಹಾಗಿಲ್ಲ, ನಿಯಮ ಇದೆ. ಆ ನಿಯಮ ಮಾಡಿದವರು ಈ ಅಜ್ಜಿಯನ್ನು ಕಂಡಿಲ್ಲ, ಅಷ್ಟೆ. ತಟ್ಟೆ ಮೇಲೆ ಎರಡೂ ಕೈ ಹರಡಿ, ಸಾಕು ಅಂದೆ. ಎಣ್ಣೆಗಾಯಿ ನನ್ನ ಕೈಮೇಲೆಯೇ ಬಿತ್ತು.

ಆ ಶನಿವಾರ

ಆಮೇಲೆ ಕೆಲವು ವಾರ ಅಮ್ಮ ಬಡಿಸೋಳು, ನಾನು ಪುಟ್ಟಿಯ ಕೈ ಮೆಲ್ಲಗೆ ಹಿಡಿದು ತಟ್ಟೆಗೆ ಅಡ್ಡ ಇಡ್ತಿದ್ದೆ, ಅಮ್ಮ ತಕ್ಷಣ ನಿಲ್ಲಿಸೋಳು. ಪ್ರತಿ ಸಲವೂ “ಸಾಕು” ಅಂತ ನಾವೇ ಹೇಳೋದು. ಅಜ್ಜಿ ದೂರದಿಂದ ನೋಡಿ, ಕೂಸನ್ನ ಉಪವಾಸ ಕೆಡವ್ತೀರಿ ಅಂತ ಗೊಣಗೋರು.

ಒಂದು ಶನಿವಾರ ಎಲ್ಲರೂ ಮನೆಯಲ್ಲಿದ್ರು. ಪುಟ್ಟಿ ತುಪ್ಪದನ್ನ ತಿಂದು ಮುಗಿಸಿದ್ಳು. ಅಜ್ಜಿ ಮತ್ತೆ ಸೌಟು ತುಂಬಾ ಅನ್ನ ತಂದೇಬಿಟ್ರು. ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು. ನಾನು ಕೈ ಚಾಚಲಿಲ್ಲ. ಪುಟ್ಟಿ ತಾನಾಗೇ ತನ್ನ ಪುಟ್ಟ ಅಂಗೈಯನ್ನು ತಟ್ಟೆ ಮೇಲಿಟ್ಟು, ಅಜ್ಜಿಯ ಮುಖ ನೋಡಿ, “ಸಾಕ್” ಅಂದಳು.

ಸೌಟು ಗಾಳಿಯಲ್ಲೇ ನಿಂತಿತು. ಅಜ್ಜಿ ಅದನ್ನು ಹಾಗೇ ಹಿಂದಕ್ಕೆ ಒಯ್ದು ಅನ್ನವನ್ನು ಪಾತ್ರೆಗೆ ಸುರಿದ್ರು. ಕಣ್ಣು ತುಂಬಿ ಬಂದಿತ್ತು. ಜನ್ಮದಲ್ಲಿ ಮೊದಲನೇ ಸಲ ಅವರು ಮೊದಲನೇ ‘ಸಾಕು’ಗೇ ಬಡಿಸೋದು ಬಿಟ್ಟಿದ್ದು.

ಆದ್ರೆ ಅಮ್ಮ ಬಿಡಬೇಕಲ್ಲ? ಅಳ್ತಾ ನಗ್ತಾ ಓಡಿ ಬಂದು, ಇನ್ನೊಂದ್ಸಲ ಹೇಳು ಬಂಗಾರಾ ಅಂತ ಅದೇ ಸೌಟಲ್ಲಿ ಅನ್ನ ತಗೊಂಡಳು. ಆ ಕಡೆಯಿಂದ ಅಪ್ಪ ಮೊಸರಿನ ಪಾತ್ರೆ ಹಿಡ್ಕೊಂಡು ಬಂದ್ರು. ಅಜ್ಜಿ ಎರಡೂ ಕೈ ಅಗಲಿಸಿ ಮೊಮ್ಮಗಳ ಮುಂದೆ ನಿಂತುಬಿಟ್ರು.

“ಕೂಸು ಸಾಕು ಅಂದೈತಿ. ನಿಮಗ ಕಿವಿ ಕೇಳಸಂಗಿಲ್ಲೇನು?” ಅಂತ ಗದರಿಸಿ, ನನ್ನ ಕಡೆ ತಿರುಗಿದ್ರು. “ಅವರದು ಹೋಗ್ಲಿ. ಕಲಿಸಾಕಿ ನೀನ. ಮೊದಲ ನೀ ಅದನ್ನ ಕೆಳಗಿಡು.”

ನೋಡ್ತೀನಿ, ನನ್ನ ಕೈಯಲ್ಲಿ ಪಲ್ಯದ ಸೌಟು.