ಹುಳುಮನೆಯಲ್ಲಿ ನನ್ನ ಯೋಗಾಭ್ಯಾಸ

ನಾನು ಒಂದು ಕೆಲಸ ಕೈಗೆತ್ತಿಕೊಂಡರೆ ಅರ್ಧಕ್ಕೆ ಬಿಡುವವನಲ್ಲ. ಅದು ಪೂರ್ತಿ ಕೆಡುವವರೆಗೂ ಬಿಡುವುದಿಲ್ಲ ಎಂದು ನನ್ನ ಹೆಂಡತಿ ರತ್ನ ಈ ಮಾತಿಗೆ ಒಂದು ಬಾಲ ಸೇರಿಸುತ್ತಾಳೆ. ಅದು ಅವಳ ಅಭಿಪ್ರಾಯ. ನಾನು ಈಗ ಹೇಳಹೊರಟಿರುವುದು ನಡೆದ ಸಂಗತಿ.

ಎಂಬತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಆಗ ವಕ್ಕಲೇರಿಯ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೊಣಕಾಲು ನೋವೆಂದು ಕೋಲಾರದ ಡಾಕ್ಟರ ಹತ್ತಿರ ಹೋದರೆ ಅವರು ಮೊಣಕಾಲನ್ನು ನೋಡಲೇ ಇಲ್ಲ. ನನ್ನ ಹೊಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ, "ಮೇಷ್ಟ್ರೇ, ಇದು ಮೊದಲು ರೂಮಿನೊಳಕ್ಕೆ ಬಂತು, ಆಮೇಲೆ ನೀವು ಬಂದ್ರಿ. ಮಾತ್ರೆ ಬೇಡ, ಬೆವರು ಬರೋ ಹಾಗೆ ಏನಾದ್ರೂ ಮಾಡಿ" ಎಂದರು.

ಬಸ್ ನಿಲ್ದಾಣದಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಒಂದು ಯೋಗದ ಪುಸ್ತಕ ಸಿಕ್ಕಿತು. ರಟ್ಟು ಹರಿದಿತ್ತು, ಬರೆದವರು ಯಾರೋ ತಿಳಿಯದು. ಗಾಳಿ ಬೀಸದ ಬೆಚ್ಚನೆಯ ಕೋಣೆಯಲ್ಲಿ ಆಸನ ಹಾಕಿದರೆ ಕೀಲುಗಳು ಬೆಣ್ಣೆಯಂತಾಗುತ್ತವೆ, ಮೈಯ ಕಶ್ಮಲವೆಲ್ಲ ಬೆವರಾಗಿ ಹೋಗುತ್ತದೆ ಎಂದು ಅದರಲ್ಲಿತ್ತು. ಜೊತೆಗೆ ಇನ್ನೊಂದು ಮಾತು: ಮಾಡುವ ಕೆಲಸದಲ್ಲೇ ಮನಸ್ಸಿಡಬೇಕು, ಉಣ್ಣುವಾಗ ಊಟದಲ್ಲಿ, ನಡೆಯುವಾಗ ನಡಿಗೆಯಲ್ಲಿ. ಮಕ್ಕಳಿಗೆ ನಾನು ದಿನಾ ಹೇಳುವ ಮಾತೇ! ಈ ಪುಸ್ತಕ ನನಗೆಂದೇ ಅಚ್ಚಾಗಿದೆ ಎಂದು ಖಾತ್ರಿಯಾಯಿತು.

ಆದರೆ ಅದು ಸಂಕ್ರಾಂತಿಗೆ ಮುಂಚಿನ ಚಳಿ. ನಮ್ಮೂರಲ್ಲಿ ಆಗ ಕೋಳಿಗಳೂ ತಡವಾಗಿ ಏಳುತ್ತಿದ್ದವು. ಬೆಚ್ಚನೆಯ ಕೋಣೆ ಎಲ್ಲಿಂದ ತರುವುದು? ಯೋಚಿಸುತ್ತ ಕೂತಿದ್ದಾಗ ಮನೆಯ ಹಿಂದಿನ ಕೋಣೆಯ ಬಾಗಿಲು ಕಣ್ಣಿಗೆ ಬಿತ್ತು. ಅದು ರತ್ನಳ ಹುಳುಮನೆ. ಒಳಗೆ ಬಿದಿರಿನ ತಟ್ಟೆಗಳ ತುಂಬ ರೇಷ್ಮೆಹುಳು. ಚಳಿಗೆ ಅವು ಸೊರಗಬಾರದೆಂದು ಮೂಲೆಯಲ್ಲೊಂದು ಇದ್ದಿಲ ಒಲೆ. ಊರೆಲ್ಲ ನಡುಗುವಾಗ ಒಂದು ಬೆಚ್ಚನೆಯ ಕೋಣೆ, ಅದೂ ನನ್ನ ಮನೆಯಲ್ಲೇ.

ಆ ಹುಳುಗಳ ವಿಷಯ ಸ್ವಲ್ಪ ಹೇಳಬೇಕು. ರತ್ನಳ ಮೊದಲ ಎರಡು ಬೆಳೆ ಕೆಟ್ಟಿದ್ದವು. ನಮ್ಮಮ್ಮ ತೀರ್ಪು ಕೊಟ್ಟಾಗಿತ್ತು: "ಈ ಸಲಾನೂ ಗೂಡು ಕಟ್ಟಲಿಲ್ಲ ಅಂದ್ರೆ ಹಿಪ್ಪುನೇರಳೆ ಕಿತ್ತಾಕಿ ಟೊಮೇಟೊ ನಾಟಿ ಮಾಡ್ಸೋದೇ ಸೈ." ಅಂದಿನಿಂದ ರತ್ನ ಆ ಹುಳುಗಳನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಿದ್ದಳು. ಅವು ನಾಲ್ಕು ಸಲ ಪೊರೆ ಬಿಟ್ಟು, ಕಿರುಬೆರಳಿನಷ್ಟಾಗಿ, ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದವು. ತಿನ್ನುವುದು ಮುಗಿದು ಹಣ್ಣಾದ ಮೇಲೆ ಅವಕ್ಕೆ ಗೂಡು ಕಟ್ಟಲು ಚಂದ್ರಿಕೆ, ಅಂದರೆ ಸುರುಳಿಯಾಗಿ ಪಟ್ಟಿ ಹೆಣೆದ ಬಿದಿರಿನ ಚಾಪೆ, ಬೇಕು. ಅದು ನಮ್ಮಲ್ಲಿರಲಿಲ್ಲ. ಪಕ್ಕದ ಮನೆಯ ವೆಂಕಟಪ್ಪ, "ಮಂಗಳವಾರ ನಮ್ಮ ಗೂಡು ಬಿಡಿಸ್ತೀವಿ. ಸಾಯಂಕಾಲಕ್ಕೆ ಚಂದ್ರಿಕೆ ನಿಮ್ಮನೇಲಿರ್ತವೆ ತಾಯಿ" ಎಂದಿದ್ದ. ರತ್ನಳ ಲೆಕ್ಕಕ್ಕೂ ಹುಳು ಹಣ್ಣಾಗುವುದು ಮಂಗಳವಾರವೇ.

"ನೀನೂ ಅಮ್ಮನೂ ಬೆಳಗಿನ ಜಾವ ಸೊಪ್ಪು ಕೊಯ್ಯೋಕೆ ಹೋಗ್ತೀರಲ್ಲ, ಆ ಹೊತ್ತಲ್ಲಿ ಹುಳುಮನೆ ಒಲೆ ನಾನು ನೋಡ್ಕೋತೀನಿ" ಎಂದೆ.

ರತ್ನ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಏನ್ರೀ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?"

"ನಿನ್ನ ಕಷ್ಟ ನನಗೆ ಕಾಣಲ್ಲ ಅಂದ್ಕೊಂಡಿದೀಯಾ?"

ಅವಳ ಕಣ್ಣು ತುಂಬಿ ಬಂತು. ನನಗೂ ನನ್ನ ಬಗ್ಗೆ ಗೌರವ ಹೆಚ್ಚಿತು.

ಮಾರನೆಯ ದಿನವೇ ಸಾಧನೆ ಆರಂಭ. ಕಾಲು ತೊಳೆದು ಒಳಗೆ ಹೋದೆ. ಬೆವರು ಚೆನ್ನಾಗಿ ಬರಲೆಂದು ರತ್ನ ಹೆಣೆದುಕೊಟ್ಟಿದ್ದ ನೀಲಿ ಉಣ್ಣೆಯ ಸ್ವೆಟರ್, ತಲೆಗೆ ಮಂಕಿಕ್ಯಾಪು. ಒಲೆಗೆ ಎರಡು ಬೊಗಸೆ ಇದ್ದಿಲು ಹೆಚ್ಚಾಗಿಯೇ ಹಾಕಿದೆ. ಕಿಟಕಿಗೆ ಗೋಣಿ ಕಟ್ಟಿದೆ. ಮೇಲಿನ ಗವಾಕ್ಷಿ ಮಾತ್ರ ತೆರೆದಿಟ್ಟೆ, ಅಷ್ಟು ತಿಳಿವಳಿಕೆ ನನಗೂ ಇದೆ. ಗೋಡೆಯಲ್ಲಿ ಉಷ್ಣಮಾಪಕ ತೂಗುತ್ತಿತ್ತು. ಇದಕ್ಕಿಂತ ಮೇಲೇರಬಾರದು ಎಂದು ರತ್ನ ಅದರ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆದಿದ್ದಳು. ಅದು ಹುಳುಗಳಿಗೆ ಸಂಬಂಧಿಸಿದ ಗೆರೆ. ನನ್ನ ಟವಲು ಹಾಕಲು ಬೇರೆ ಮೊಳೆ ಇರಲಿಲ್ಲ, ಅದರ ಮೇಲೇ ಹಾಕಿದೆ.

ಮೂರು ದಿನದಲ್ಲಿ ನನ್ನ ಕೈಬೆರಳು ಮೊಣಕಾಲು ದಾಟಿ ಕೆಳಗಿಳಿಯಿತು! ಬೆವರು ಧಾರಾಕಾರ. ಸೊಪ್ಪು ತಂದ ರತ್ನ ಬಾಗಿಲಲ್ಲೇ, "ಏನ್ರೀ ಇಷ್ಟು ಸೆಕೆ?" ಎಂದರೆ, "ಹೊರಗಿನ ಚಳೀಲಿ ಬಂದಿದೀಯಲ್ಲ, ಹಾಗನ್ಸುತ್ತೆ" ಎಂದು ಸಮಾಧಾನ ಹೇಳಿದೆ. ಅಮ್ಮ ಮಾತ್ರ ನನ್ನ ಮುಖ ನೋಡಿ, "ಏನೋ, ಒಲೆ ನೋಡ್ಕೊಳ್ಳೋನು ಒಲೆ ಒಳಗೇ ಕೂತಿದ್ದೋನ ಥರ ಇದೀಯಲ್ಲೋ" ಎಂದಳು.

ಶನಿವಾರ ಒಂದು ಆಶ್ಚರ್ಯ ಕಂಡಿತು. ನಾನು ಭುಜಂಗಾಸನದಲ್ಲಿ ತಲೆಯೆತ್ತಿದಾಗ ಎದುರಿನ ತಟ್ಟೆಯ ಹುಳುಗಳಲ್ಲಿ ಕೆಲವು ನನ್ನಂತೆಯೇ ತಲೆಯೆತ್ತಿ ನಿಧಾನವಾಗಿ ತೂಗುತ್ತಿದ್ದವು. ಸೊಪ್ಪನ್ನೂ ಮುಟ್ಟಿರಲಿಲ್ಲ. ನನಗೆ ರೋಮಾಂಚನವಾಯಿತು. ಸಾಧಕನ ಸುತ್ತ ಮೃಗಪಕ್ಷಿಗಳೂ ಶಾಂತವಾಗುತ್ತವೆಂದು ಕೇಳಿದ್ದೆ. ಇಲ್ಲಿ ಹುಳುಗಳು ಉಪವಾಸವನ್ನೂ ಹಿಡಿದಿವೆ! ನನ್ನ ಶಾಲೆಯ ಮೂರನೇ ತರಗತಿ ಈ ಮಟ್ಟ ಮುಟ್ಟಲು ಇನ್ನೂ ವರ್ಷಗಳು ಬೇಕು.

ಸೊಪ್ಪು ಬಿಟ್ಟು ತಲೆಯೆತ್ತಿ ಓಲಾಡುವ ಹುಳು ಹಣ್ಣಾಗುತ್ತಿದೆ, ಗೂಡು ಕಟ್ಟಲು ಜಾಗ ಹುಡುಕುತ್ತಿದೆ ಎಂದು ನಮ್ಮೂರಿನಲ್ಲಿ ಎಳೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ಮನಸ್ಸು ಮಾಡುವ ಕೆಲಸದಲ್ಲಿತ್ತು. ನನ್ನ ಇದ್ದಿಲ ಶಾಖಕ್ಕೆ ಹುಳು ಎರಡು ದಿನ ಮುಂಚೆಯೇ ಹಣ್ಣಾಗುತ್ತಿದ್ದವು. ರತ್ನಳಿಗೆ ಈ ಪವಾಡದ ಸುದ್ದಿಯನ್ನು ನಾನು ಹೇಳಲಿಲ್ಲ. ಸಾಧನೆಯನ್ನು ಹೇಳಿಕೊಳ್ಳಬಾರದೆಂದು ಪುಸ್ತಕದಲ್ಲಿತ್ತು.

ಭಾನುವಾರ. ಶಾಲೆಯ ಅವಸರವಿಲ್ಲ. ಅಮ್ಮ, ರತ್ನ ತೋಟಕ್ಕೆ ಹೋದರು. ನಾನು ಒಲೆಗೆ ಮೂರು ಬೊಗಸೆ ಹೆಚ್ಚು ಹಾಕಿ ಎಲ್ಲ ಆಸನ ಮುಗಿಸಿ, ತಟ್ಟೆಗಳ ಸ್ಟ್ಯಾಂಡಿನ ಪಕ್ಕದಲ್ಲೇ ಈಚಲು ಚಾಪೆಯ ಮೇಲೆ ಶವಾಸನಕ್ಕೆ ಮಲಗಿದೆ. ಕಣ್ಣು ಮುಚ್ಚಿ ಉಸಿರನ್ನೇ ಗಮನಿಸಿ ಎಂದಿತ್ತು. ಗಮನಿಸಿದೆ. ಹತ್ತನೆಯ ಉಸಿರಿಗೆ ಗೊರಕೆ ಶುರುವಾಗಿರಬೇಕು.

ಎಚ್ಚರವಾದದ್ದು ರತ್ನಳ ದನಿಗೆ. ಕೂಗಿದ್ದಲ್ಲ, ಬಹಳ ಮೆಲ್ಲಗೆ ಅಂದದ್ದು. ಅದಕ್ಕೇ ಹೆದರಿದೆ.

"ರೀ, ಅಲ್ಲಾಡಬೇಡಿ."

"ಯಾಕೆ? ಹಾವೇನಾದ್ರೂ..."

"ಹಾವಾಗಿದ್ರೆ ಚೆನ್ನಾಗಿತ್ತು."

ತಲೆ ಎತ್ತದೆ ಕಣ್ಣಷ್ಟೇ ಇಳಿಸಿ ನೋಡಿದೆ. ಹುಳುಗಳು ತಟ್ಟೆಯ ಅಂಚು ದಾಟಿ ಇಳಿದಿದ್ದವು. ಕೆಲವು ಗೋಡೆ ಹತ್ತುತ್ತಿದ್ದವು. ಉಳಿದವು ಕೋಣೆಯಲ್ಲಿ ಬೆಚ್ಚಗೆ, ಒರಟಾಗಿ, ಅಲ್ಲಾಡದೆ ಬಿದ್ದಿದ್ದ ಒಂದೇ ವಸ್ತುವನ್ನು ಹುಡುಕಿಕೊಂಡಿದ್ದವು. ನನ್ನ ಸ್ವೆಟರಿನ ಮೇಲೆ, ತೋಳಿನ ಮಡಿಕೆಯಲ್ಲಿ, ಕುತ್ತಿಗೆಯ ಪಟ್ಟಿಯಲ್ಲಿ ಎಳೆ ಎಳೆಯಾಗಿ ರೇಷ್ಮೆ. ಒಂದು ಹುಳು ಮಂಕಿಕ್ಯಾಪಿನಿಂದ ನನ್ನ ಮೀಸೆಗೆ ಹಗ್ಗ ಕಟ್ಟುತ್ತಿತ್ತು.

"ನೂಲು ಬಿಡೋಕೆ ಶುರು ಮಾಡಿರೋ ಹುಳ ಕಿತ್ರೆ ಗೂಡು ಕೆಡುತ್ತೆ. ಹಂಗೇ ಬಿದ್ಕೊಂಡಿರಿ" ಎಂದು ರತ್ನ ಸೆರಗು ಬಿಗಿದಳು. ಗೋಡೆಯ ಟವಲು ಸರಿಸಿ ಕೆಂಪು ಗೆರೆ ನೋಡಿದಳು. ಪಾದರಸ ಅದನ್ನು ದಾಟಿ ಬಹಳ ಮುಂದೆ ಹೋಗಿತ್ತು. ಅವಳು ಕಿಟಕಿಯ ಗೋಣಿ ಕಿತ್ತೆಸೆದಳು. ಮೂರನೆಯ ಬೆಳೆ, ಎರಡು ವರ್ಷದ ಹಿಪ್ಪುನೇರಳೆ ತೋಟ, ಎಲ್ಲ ಆ ನೆಲದ ಮೇಲೆ ತೆವಳುತ್ತಿತ್ತು. ನನಗೆ ನಿಜವಾಗಿಯೂ ನಾಚಿಕೆಯಾದದ್ದು ಆಗ.

ಅಮ್ಮ ಬೇಲಿಯಾಚೆಗೆ ಕೂಗಿದಳು. ವೆಂಕಟಪ್ಪ ಬಾಗಿಲಲ್ಲಿ ಬಂದು ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಏಮಿ ಮೇಷ್ಟ್ರೇ ಇದಿ? ಚಂದ್ರಿಕೆ ಮಂಗಳವಾರ ಕೊಡ್ತೀನಿ ಅಂದಿದ್ನಲ್ಲ, ಅಷ್ಟಕ್ಕೇ ನೀವೇ ಮಲಗಿಬಿಡೋದಾ?"

ಬಾಯಿ ತೆರೆದರೆ ಮೀಸೆಯ ಹಗ್ಗ ಹರಿಯುತ್ತಿತ್ತು.

ನಕ್ಕರೂ ವೆಂಕಟಪ್ಪ ಒಳ್ಳೆಯವನು. ಗೂಡು ಗಟ್ಟಿಯಾಗಿದ್ದ ನಾಲ್ಕು ಚಂದ್ರಿಕೆಗಳನ್ನು ಆಗಲೇ ಬಿಡಿಸಿ ತಂದ. ಅವು ಸಾಲಲಿಲ್ಲ. ಅಮ್ಮ ಹಿತ್ತಲಿನ ತೊಗರಿ ಕಡ್ಡಿಯ ಹೊರೆ ಬಿಚ್ಚಿ ನೆಲದುದ್ದಕ್ಕೂ ಹರಡಿದಳು. ಹಿಪ್ಪುನೇರಳೆ ಕೀಳಿಸುತ್ತೇನೆಂದಿದ್ದ ಅದೇ ಅಮ್ಮ ಒಂದೊಂದೇ ಹುಳುವನ್ನು ಎರಡು ಬೆರಳಲ್ಲಿ ಎತ್ತಿ, "ಕಟ್ಟಮ್ಮ, ಕಟ್ಟು" ಎಂದು ಕಡ್ಡಿಯ ಮೇಲೆ ಬಿಡುತ್ತಿದ್ದಳು. ಪೊರಕೆ, ಮೊರ, ಹಳೆಯ ಕುಕ್ಕೆ ಎಲ್ಲವೂ ಚಂದ್ರಿಕೆಯಾದವು. ಮಧ್ಯಾಹ್ನದವರೆಗೂ ಮೂವರೂ ಬಗ್ಗಿದ ನಡು ಎತ್ತಲಿಲ್ಲ. ನಾನೊಬ್ಬನೇ ಶವಾಸನದಲ್ಲಿದ್ದೆ. ಅಷ್ಟು ಪರಿಪೂರ್ಣವಾದ ಶವಾಸನವನ್ನು ಆ ಪುಸ್ತಕ ಬರೆದವರೂ ಹಾಕಿರಲಾರರು. ಮೂಗಿಗೆ ಕೆರೆತ ಬಂದರೆ ಬಂದಿತೆಂದು ಗಮನಿಸಿದೆ. ಹೋದಾಗ ಹೋಯಿತೆಂದು ಗಮನಿಸಿದೆ.

ಕೊನೆಗೆ ರತ್ನ ಕತ್ತರಿ ತಂದು ಮೊದಲು ಮಂಕಿಕ್ಯಾಪು ಕತ್ತರಿಸಿ ತೆಗೆದಳು. ಮೀಸೆಯ ಒಂದು ಪಕ್ಕವೂ ಅದರೊಂದಿಗೆ ಹೋಯಿತು. ಆಮೇಲೆ ಸ್ವೆಟರನ್ನು ಪಕ್ಕೆಯುದ್ದಕ್ಕೂ ಸೀಳಿ, ಮಗುವನ್ನು ಎತ್ತುವಂತೆ ಎತ್ತಿ ಗೋಡೆಗೆ ತೂಗುಹಾಕಿದಳು.

"ಮದುವೆಯಾದ ವರ್ಷ ಹೆಣೆದಿದ್ದು" ಎಂದಳು, ಅಷ್ಟೇ.

ಬೆಳೆ ಉಳಿಯಿತು! ಗೂಡು ಸ್ವಲ್ಪ ಸಣ್ಣವಾದರೂ ಗಟ್ಟಿಯಾಗಿದ್ದವು. ಅಮ್ಮ ಟೊಮೇಟೊ ಮಾತು ಎತ್ತಲಿಲ್ಲ. ಹುಳು ಎರಡು ದಿನ ಮುಂಚೆ ಹಣ್ಣಾಗಿ ಸೊಪ್ಪು ಉಳಿದದ್ದು ನನ್ನ ಯೋಗದಿಂದಲೇ ಎಂದು ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳುವ ವಾತಾವರಣ ಮನೆಯಲ್ಲಿರಲಿಲ್ಲ.

ಗೂಡಿನ ಮಾರುಕಟ್ಟೆಗೆ ರತ್ನಳ ಜೊತೆ ನಾನೇ ಮೂಟೆ ಹೊತ್ತು ಹೋದೆ, ಅರ್ಧ ಮೀಸೆಯಲ್ಲಿ. ಕೊಳ್ಳುವವನು ರಾಶಿಯೊಳಗೆ ಕೈಯಾಡಿಸಿ, ಸಂತೋಷದಿಂದ ತಲೆಯಾಡಿಸಿದ. ಆಮೇಲೆ ಒಂದು ಹಿಡಿ ಗೂಡುಗಳನ್ನು ಆರಿಸಿ ಪಕ್ಕಕ್ಕೆ ಹಾಕಿದ. ಅವುಗಳಲ್ಲಿ ನೀಲಿ ಉಣ್ಣೆ ಇತ್ತು. ಒಂದರಲ್ಲಿ ನನ್ನ ಮೀಸೆ.

"ಉಳಿದಿದ್ದೆಲ್ಲ ಫಸ್ಟ್ ಕ್ಲಾಸ್ ಅಮ್ಮ. ಇವು ಮಾತ್ರ ಬೇಡ. ಯಾವ ಚಂದ್ರಿಕೇಲಿ ಕಟ್ಟಿಸಿದ್ರಿ ಇವನ್ನ? ಕೆಲಸಕ್ಕೆ ಬರಲ್ಲ ಅದು, ಬಿಸಾಕಿ."

ರತ್ನ ನನ್ನ ಕಡೆ ತಿರುಗಿ ನೋಡಿದಳು.

"ಹಳೇದು ಸ್ವಾಮಿ" ಎಂದಳು. "ಬಿಸಾಕೋಕೆ ಮನಸ್ಸು ಬರ್ತಿಲ್ಲ. ಇಟ್ಕೊಂಡಿದೀನಿ."

ನಾನು ತಕ್ಕಡಿಯ ಕಡೆ ದೃಷ್ಟಿ ನೆಟ್ಟು ನನ್ನ ಉಸಿರನ್ನು ಗಮನಿಸತೊಡಗಿದೆ.