ಮಾವನ ಬೈಗುಳ, ನನ್ನ ಇಂಗ್ಲಿಷು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಉಳಿದ ಖಾರ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿದ್ದಾರೆಯೇ? ನನಗೆ ಗೊತ್ತು. ಅದಷ್ಟೂ ನಮ್ಮ ಮಾವನ ನಾಲಿಗೆಗೆ ಬಂದು ಸೇರಿದೆ! ಮಾವ ಎಂದರೆ ನನ್ನ ಅವ್ವನ ತಮ್ಮ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ, ಬೈಯುವ ಕೆಲಸವೊಂದನ್ನು ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಾನೆ.

ಬೈಯಲು ಅವನಿಗೆ ಎದುರಿಗೆ ಮನುಷ್ಯರೇ ಇರಬೇಕೆಂದಿಲ್ಲ. ನಲ್ಲಿ, ಫ್ಯಾನು, ಹೊಸ ಚಪ್ಪಲಿ, ಆಕಾಶದ ಮೋಡ, ಯಾವುದಾದರೂ ನಡೆಯುತ್ತದೆ. ಒಮ್ಮೆ ನಾನೂ ಅವನೂ ಬ್ಯಾಡಗಿ ಸ್ಟೇಷನ್ನಿನಲ್ಲಿ ಕೂತಿದ್ದೆವು. ಗಾಡಿ ತಡ. ಧ್ವನಿವರ್ಧಕದಲ್ಲಿ ಎಂದಿನ ಹೆಣ್ಣುದನಿ, ತೊಂದರೆಗಾಗಿ ವಿಷಾದಿಸುತ್ತೇವೆ ಎಂದಿತು. ಮಾವ ಎದ್ದು ನಿಂತ, ಕಂಬದ ಕಡೆಗೆ ಬೆರಳು ಮಾಡಿದ.

"ಏ ಯವ್ವಾ! ದಿನಾ ವಿಷಾದಾ ಪಡ್ತೀದಿ. ಒಂದಿನಾನರ ಗಾಡಿ ಲಗೂ ಕಳಸಿ ಸಂತೋಷಾ ಪಡು ನೋಡೂಣು!"

ಪ್ಲಾಟ್‌ಫಾರ್ಮಿಗೆ ಪ್ಲಾಟ್‌ಫಾರ್ಮೇ ನಕ್ಕಿತು. ನಾನು ಈ ಮನುಷ್ಯನನ್ನು ಕಂಡೇ ಇಲ್ಲವೆಂಬಂತೆ ಗಾಡಿಗಳ ವೇಳಾಪಟ್ಟಿ ಓದುತ್ತ ನಿಂತೆ.

ಇಂಥವನಿಗೆ ಸೋದರಸೊಸೆಯಾಗಿ ಹುಟ್ಟಿದ್ದು ಸಾಲದೆಂದು ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇದರಿಂದ ನನಗಾದ ಅನಾಹುತವೇ ಈ ಕಥೆ.

ಮೊದಲು ಅತ್ತೆಯ ವಿಷಯ ಹೇಳಬೇಕು. ಮಾವನಿಗೆ ಓದಲು ಚೆನ್ನಾಗಿಯೇ ಬರುತ್ತದೆ. ಆದರೆ ಮದುವೆಯಾದಾಗಿನಿಂದ ಅವನು ಪೇಪರ್ ಓದಿದ್ದನ್ನು ಕಂಡವರಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಅತ್ತೆ ಗಟ್ಟಿಯಾಗಿ ಓದಬೇಕು, ಅವನು ಕೇಳಬೇಕು. ಆ ಮನೆಯ ಪದ್ಧತಿಯೇ ಅದು. ಸಕ್ಕರೆ ಕಾಯಿಲೆ ಅತ್ತೆಯ ಕಣ್ಣಿಗೆ ಇಳಿದ ಮೇಲೆ ಅದು ನಿಂತಿತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಮಾವ ಡಾಕ್ಟರನ್ನು ಬೈದ, ಸಕ್ಕರೆಯನ್ನು ಬೈದ, ಸಕ್ಕರೆ ಮಾರುವ ಕಿರಾಣಿ ಅಂಗಡಿಯವನನ್ನೂ ಬಿಡಲಿಲ್ಲ. ಅತ್ತೆ ಮಾತ್ರ ಬೆಳಗಿನ ಹೊತ್ತು ಸುಮ್ಮನೆ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು.

ಆಗ ನಾನು ಅವರ ಮನೆಯ ಕಂಪ್ಯೂಟರಿನ ಬ್ರೌಸರಿಗೆ ಒಂದು ಆ್ಯಡ್-ಆನ್ ಹಾಕಿಕೊಟ್ಟೆ. ಬ್ರೌಸರಿಗೆ ಹೊರಗಿನಿಂದ ತಂದು ಸಿಕ್ಕಿಸುವ ಸಣ್ಣ ಸಲಕರಣೆ ಅದು. ಮಾವ ಅದಕ್ಕೆ 'ಜೋಡಣಿ' ಎನ್ನುತ್ತಾನೆ. ಒಂದು ಗುಂಡಿ ಒತ್ತಿದರೆ ಸಾಕು, ಪೇಪರಿನ ಪುಟದಲ್ಲಿದ್ದ ಜಾಹೀರಾತುಗಳೆಲ್ಲ ಮಾಯವಾಗಿ ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳು ದೊಡ್ಡದಾಗಿ ಮೂಡುತ್ತಿದ್ದವು. ಅತ್ತೆ ಪರದೆಯ ಹತ್ತಿರ ಮುಖ ಒಯ್ದು ಮೊದಲು ಓದಿದ್ದು ನಿಧನ ವಾರ್ತೆ.

"ಅಯ್ಯ, ಇಂವಾ ಇಷ್ಟ ದಿನಾ ಬದುಕಿದ್ದನೇನು!" ಎಂದಳು.

ಮಾವ ಆ ದಿನ ಯಾರನ್ನೂ ಬೈಯಲಿಲ್ಲ. ಆದರೆ ಅದು ಅದೊಂದೇ ದಿನ. ಮರುದಿನವೇ ನನಗೆ ಫೋನು ಬಂತು. ಅಕ್ಷರಗಳು ದೊಡ್ಡದಾಗಿ ಕಾಣುತ್ತವೆ, ಆದರೆ ಒತ್ತಕ್ಷರದ ಕೆಳಗಿನ ಅರ್ಧ ಕತ್ತರಿಸಿ ಹೋಗುತ್ತದೆ ಎಂದು ದೂರು.

"ಆ ಜೋಡಣಿ ಮಾಡಿದಾಂವಗ ಬರಿ. ಮಂಗ್ಯಾನ ಮಗನ, ಕನ್ನಡದ ಒತ್ತು ಏನ್ ನಿಮ್ಮಪ್ಪನ ಮನೀವೇನು, ಕತ್ತರಸಿ ಬಿಸಾಕಾಕ? ಹಿಂಗ ಬರಿ. ಒಂದು ಅಕ್ಷರ ಬಿಡಬ್ಯಾಡ!"

ಆ್ಯಡ್-ಆನ್ ಮಾಡಿದವನು ಯಾವುದೋ ಚಳಿ ದೇಶದವನು. ಅವನ ಪುಟದ ಕೆಳಗೆ ಬಳಸುವವರು ತಮ್ಮ ಅಭಿಪ್ರಾಯ ಬರೆಯಲು ಜಾಗವಿತ್ತು. ಮಾವನ ಹೆಸರು, ಊರು ಹಾಕಿ ನಾನು ಬರೆದದ್ದು ಇಷ್ಟು: "ಮಾನ್ಯರೇ, ತಮ್ಮ ಸಲಕರಣೆಯಿಂದ ದೃಷ್ಟಿ ಮಂದವಾದ ನನ್ನ ಪತ್ನಿ ಮತ್ತೆ ಓದುವಂತಾಗಿದೆ. ಕನ್ನಡದ ಕೆಲವು ಅಕ್ಷರಗಳ ಕೆಳಭಾಗ ಮಾತ್ರ ಕಾಣುತ್ತಿಲ್ಲ. ಬಿಡುವಾದಾಗ ದಯವಿಟ್ಟು ಗಮನಿಸುವಿರಾ?" ನೀವೇ ಹೇಳಿ, ಮಂಗ್ಯಾನ ಮಗ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ನಾನು ನಮ್ಮ ದೇಶದ ಮಾನ ತೆಗೆಯಲೇ? ಕೆಲವೇ ದಿನಗಳಲ್ಲಿ ಅವನು ಸಾಲುಗಳ ನಡುವೆ ಅಂತರ ಹೆಚ್ಚಿಸಿ ಅದನ್ನು ಸರಿಮಾಡಿದ.

"ನೋಡಿದಿ? ಬಾಯಿ ಮಾಡಿದ್ರನ ಮಂದಿ ಕೆಲಸಾ ಮಾಡೂದು," ಎಂದು ಮಾವ ಮೀಸೆಯ ಮೇಲೆ ಕೈ ಎಳೆದ.

ಹೀಗೆ ಸುಖವಾಗಿದ್ದಾಗ ಬ್ರೌಸರಿನ ದೊಡ್ಡ ಅಪ್‌ಡೇಟು ಬಂದಿತು. ನಾನು ಕ್ಲಾಸಿನಲ್ಲಿದ್ದೆ. ಮಾವನ ಫೋನು ನಿಲ್ಲದೆ ಬರುತ್ತಿದ್ದುದರಿಂದ ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

"ಯವ್ವಾ, ಮನೀ ಕಳವಾಗೇತಿ!"

"ಏನೇನ್ ಹೋಗೇತಿ ಮಾಮಾ?"

"ನಿಮ್ಮತ್ತಿ ಪೇಪರ್ ಹೋಗೇತಿ!"

ಸಂಜೆ ಬ್ಯಾಡಗಿಗೆ ಹೋಗಿ ನೋಡಿದೆ. 'ನಿಮ್ಮ ಬ್ರೌಸರ್ ಈಗ ಇನ್ನಷ್ಟು ಸುಂದರ' ಎಂದು ಪರದೆ ಹಲ್ಲು ಕಿರಿಯುತ್ತಿತ್ತು. ಮೇಲಿದ್ದದ್ದು ಬದಿಗೆ ಬಂದಿತ್ತು, ಬದಿಗಿದ್ದದ್ದು ಎಲ್ಲೋ ಹೋಗಿತ್ತು. ಅತ್ತೆಯ ಗುಂಡಿ ಇದ್ದ ಕಡೆ ಏನೂ ಇಲ್ಲ. ಈ ಆ್ಯಡ್-ಆನ್ ಹೊಸ ಆವೃತ್ತಿಯಲ್ಲಿ ನಡೆಯುವುದಿಲ್ಲ ಎಂಬ ಸೂಚನೆ ಮಾತ್ರ ಇತ್ತು.

"ತಾಟಿನ್ಯಾಗ ಉಪ್ಪಿನಕಾಯಿಗೆ ಒಂದು ಜಾಗಾ ಐತಿಲ್ಲೋ?" ಎಂದು ಮಾವ ಶುರುಮಾಡಿದ. "ಒಂದಿನಾ ನಿಮ್ಮತ್ತಿ ಉಪ್ಪಿನಕಾಯಿ ಒಯ್ದು ಮಜ್ಜಿಗ್ಯಾಗ ಹಾಕಿ, ಪಲ್ಯಾನ ರೊಟ್ಟಿ ಕೆಳಗ ಮುಚ್ಚಿಟ್ಟು, ಈಗ ತಾಟು ಇನ್ನಷ್ಟು ಸುಂದರ ಆಗೇತಿ ಉಣ್ರಿ ಅಂದ್ರ ನಾ ಸುಮ್ಮನ ಉಣ್ಣಬೇಕೇನು?"

ಬೇರೆ ದಾರಿಗಳನ್ನೆಲ್ಲ ನೋಡಿದೆವು. ಬರೀ ಪುಟವನ್ನು ದೊಡ್ಡದು ಮಾಡಿದರೆ ಜಾಹೀರಾತೂ ಜೊತೆಗೇ ದೊಡ್ಡದಾಗುತ್ತಿತ್ತು. "ಸುದ್ದಿ ಎಲ್ಲೈತ್ಯವಾ? ನನಗ ಬರೇ ಬಂಗಾರದ ಸರ ಕಾಣಾಕತ್ತೈತಿ," ಎಂದಳು ಅತ್ತೆ. ಬಿಳಿಯ ಬೆಳಕಿಗೆ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಾವನ ಮಗ ಪುಟವನ್ನು ತಾನೇ ಓದಿ ಹೇಳುವ ವ್ಯವಸ್ಥೆಯೊಂದನ್ನು ಹಾಕಿಕೊಟ್ಟ. ಯಂತ್ರದ ಹೆಣ್ಣು ಎರಡು ಸಾಲು ಓದುವಷ್ಟರಲ್ಲಿ ಮಾವ ವೈರು ಕಿತ್ತ.

"ನನ್ನ ಮನ್ಯಾಗ ಇನ್ನೊಬ್ಬಾಕಿ ದನಿ ಬ್ಯಾಡ!"

ಮುಂದಿನ ಭಾನುವಾರ ಮಾವ ನನ್ನನ್ನೂ ಕಂಪ್ಯೂಟರಿನ ಡಬ್ಬಿಯನ್ನೂ ಎಳೆದುಕೊಂಡು ರಾಣೆಬೆನ್ನೂರಿನ ಕಂಪ್ಯೂಟರ್ ಅಂಗಡಿಗೆ ಹೋದ. ಹಳೆಯ ಬ್ರೌಸರ್ ಬೇಕು ಎಂದ.

"ಸಾವಕಾರ್ರ, ಹಳೇದು ಈಗ ಯಾರೂ ಇಡಂಗಿಲ್ರಿ," ಎಂದ ಅಂಗಡಿಯವನು.

"ಯಾಕ ಇಡಂಗಿಲ್ಲ? ಅಕ್ಕಿ ಹಳೇದಾದ್ರ ರೇಟ್ ಜಾಸ್ತಿ. ಮೆಣಸಿನಕಾಯಿ ನಾವು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ಮಾರ್ತೇವಿ. ನೀವು ಬ್ರೌಸರ್ ಇಡಾಕ ಒಂದು ಖೋಲಿ ಇಟ್ಕೊಂಡಿಲ್ಲೇನು?"

ಅವನು ಪುಣ್ಯಾತ್ಮ, ಎಲ್ಲಿಂದಲೋ ಹುಡುಕಿ ಹಳೆಯ ಆವೃತ್ತಿಯನ್ನು ಹಾಕಿಕೊಟ್ಟ. ಮಾವ ಗೆದ್ದ ಪೈಲ್ವಾನನ ಹಾಗೆ ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಬೆಳಗಾಗುವುದರೊಳಗೆ ಬ್ರೌಸರು ತಾನೇ ತಾನಾಗಿ ಅಪ್‌ಡೇಟ್ ಆಗಿ, ಮತ್ತೆ ಇನ್ನಷ್ಟು ಸುಂದರವಾಗಿ ಕೂತಿತ್ತು!

ಅಲ್ಲಿಗೆ ಮಾವನ ತಾಳ್ಮೆ ಮುಗಿಯಿತು. (ಇತ್ತೇ ಎಂದು ನೀವು ಕೇಳಬಹುದು.) ದಿನವೂ ನನ್ನ ಊಟದ ಬಿಡುವಿಗೆ ಸರಿಯಾಗಿ ಫೋನು. ಅವನು ಬೈಯುವುದು, ನಾನು ಚಪಾತಿ ಒಂದು ಕೈಯಲ್ಲಿ, ಮೊಬೈಲು ಒಂದು ಕೈಯಲ್ಲಿ ಹಿಡಿದು ಅದನ್ನು ಇಂಗ್ಲಿಷ್ ಮಾಡಿ ಆ್ಯಡ್-ಆನ್ ಮಾಡಿದವನ ಪುಟದಲ್ಲಿ ಬರೆಯುವುದು.

"ಬರಿ, ಆ ಹಡಬಿಟ್ಟಿ ಎಲ್ಲಿ ಸತ್ತಾನ?" ನಾನು: "ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ."

"ಬರಿ, ಅಂವನ ಕೈಗೆ ಹುಳಾ ಬೀಳ್ಲಿ!" ನಾನು: "ತಮ್ಮ ಕೈಕೆಲಸದ ಮೇಲೆ ನಮಗೆ ಅಪಾರ ಭರವಸೆ."

"ಬರಿ, ಈ ವಾರದಾಗ ಮಾಡದಿದ್ರ ಅಂವನ ಊರಿಗೇ ಬರ್ತೇನಿ!" ನಾನು: "ಎಂದಾದರೊಮ್ಮೆ ತಮ್ಮನ್ನು ಭೇಟಿಯಾಗುವ ಆಸೆಯಿದೆ."

ಅಲ್ಲಿ ಬೈಯುತ್ತಿದ್ದವನು ಮಾವನೊಬ್ಬನೇ ಅಲ್ಲ. ಲೋಕದ ಮೂಲೆಮೂಲೆಯಿಂದ ಜನ ಬಂದು ಆ ಪುಟದಲ್ಲಿ ಉಗಿಯುತ್ತಿದ್ದರು. ಅಪ್‌ಡೇಟು ಮಾಡಿದ್ದು ಬ್ರೌಸರಿನ ಕಂಪನಿ, ಆದರೆ ಕಂಪನಿ ಯಾರ ಕೈಗೆ ಸಿಗುತ್ತದೆ? ಇವನು ಸಿಗುತ್ತಿದ್ದ. ಕೆಲವನ್ನು ನಾನು ಮಾವನಿಗೆ ಕನ್ನಡ ಮಾಡಿ ಓದಿ ಹೇಳಿದೆ. ಸೋಮಾರಿ ಎಂದು ಒಬ್ಬ, ಮೋಸಗಾರ ಎಂದು ಇನ್ನೊಬ್ಬ, ನೀನು ಕಂಪ್ಯೂಟರ್ ಮುಟ್ಟಲೇ ಬಾರದು ಎಂದು ಮತ್ತೊಬ್ಬಳು. ಮಾವ ಖುಷಿಯಿಂದ ತೊಡೆ ತಟ್ಟಿದ.

"ಎಲ್ಲಾ ನಮ್ಮ ಮಂದೀನ ಅದಾರಲ್ಲವಾ!"

ಇತ್ತ ಮನೆಯಲ್ಲಿ, ಅತ್ತೆಗೆ ಪೇಪರ್ ಓದಿ ಹೇಳುವ ಕೆಲಸವನ್ನು ಅವನೇ ತೆಗೆದುಕೊಂಡ. ಆದರೆ ಅವನಿಗೆ ಒಂದು ಸುದ್ದಿಯನ್ನು ಕೊನೆ ಮುಟ್ಟಿಸಲು ಬರುವುದಿಲ್ಲ. ಎರಡು ಸಾಲು ಓದುತ್ತಿದ್ದ, ಆ ಸುದ್ದಿಯಲ್ಲಿದ್ದವರನ್ನು ಕಾಲು ಗಂಟೆ ಬೈಯುತ್ತಿದ್ದ, ಅಷ್ಟರಲ್ಲಿ ಎಲ್ಲಿಗೆ ಬಿಟ್ಟಿದ್ದೆ ಎಂಬುದು ಮರೆತು ಇನ್ನೊಂದಕ್ಕೆ ಹಾರುತ್ತಿದ್ದ. ನಿಧನ ವಾರ್ತೆಯನ್ನೂ ಬಿಡಲಿಲ್ಲ.

"ಸಾಕ್ ಬಿಡ್ರಿ," ಎಂದಳು ಅತ್ತೆ. "ನೀವು ಓದಾಕತ್ರ ಸತ್ತವರು ನಿಮ್ಮ ಕೈಯಾಗ ಇನ್ನೊಮ್ಮಿ ಸಾಯ್ತಾರ. ನನಗ ಪೇಪರ್ ಇಲ್ಲದಿದ್ರ ನಡೀತೈತಿ. ಓದಿ ಓದಿ ನಾ ಏನ್ ಮಾಡೂದೈತಿ?"

ಅವಳು ನಗುತ್ತಲೇ ಹೇಳಿದಳು. ಆದರೆ ಮರುದಿನದಿಂದ ಅವಳು ಮತ್ತೆ ಬಾಗಿಲ ಕಡೆ ನೋಡುತ್ತ ಕೂರತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಮಾವನಿಗಂತೂ ಅದೇ ಬೆಂಕಿಗೆ ತುಪ್ಪವಾಯಿತು. ಅಂದಿನಿಂದ ಅವನ ಬೈಗುಳ ಎಷ್ಟು ಏರಿತೆಂದರೆ ನನ್ನ ಇಂಗ್ಲಿಷಿನಲ್ಲಿ ವಿನಯದ ಶಬ್ದಗಳೇ ತೀರಿಹೋದವು. ಸಾಕಪ್ಪಾ ಸಾಕು, ಈ ಭಾನುವಾರ ಹೋಗಿ ಇನ್ನು ನನ್ನ ಕೈಲಾಗದು ಎಂದು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಬ್ಯಾಡಗಿಗೆ ಹೋದೆ.

ಹೋಗಿ ಕೂತು ಆ ಪುಟ ತೆರೆದರೆ, ಆ್ಯಡ್-ಆನ್ ಮಾಡಿದವನು ಎಲ್ಲರಿಗೂ ಒಂದು ಮಾತು ಬರೆದಿದ್ದ. ನಾನು ಅದನ್ನು ಮಾವನಿಗೂ ಅತ್ತೆಗೂ ಕನ್ನಡದಲ್ಲಿ ಹೇಳಿದೆ. ತಾನು ಒಬ್ಬನೇ, ಇದು ಹೊಟ್ಟೆಪಾಡಿನ ಕೆಲಸವಲ್ಲ, ಹಗಲು ಬೇರೆ ಕಡೆ ದುಡಿದು ಬಂದು ರಾತ್ರಿ ಕೂತು ಪುಕ್ಕಟೆ ಮಾಡಿದ್ದು. ಹೊಸ ಬ್ರೌಸರಿಗೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ದಿನವೂ ಈ ಬೈಗುಳ ಓದಿ ಓದಿ ಮನಸ್ಸು ಮುರಿದಿದೆ, ಇಲ್ಲಿಗೆ ನಿಲ್ಲಿಸುತ್ತೇನೆ ಎಂದಿದ್ದ.

"ಒಬ್ಬನ? ಪುಕ್ಕಟ?" ಎಂದ ಮಾವ.

ಅದರ ಕೆಳಗೆ, ಮಾವನ ಹೆಸರಿಗೆ ಬೇರೆಯಾಗಿ ನಾಲ್ಕು ಸಾಲು ಇದ್ದವು. ಅದನ್ನು ಓದಲು ನನಗೆ ನಾಲಿಗೆ ಏಳಲಿಲ್ಲ. ಆದರೂ ಓದಿದೆ. "ಬ್ಯಾಡಗಿಯ ಹಿರಿಯರೇ, ಇಷ್ಟು ಜನರಲ್ಲಿ ನನ್ನ ಕ್ಷೇಮ ಕೇಳಿದವರು ನೀವೊಬ್ಬರೇ. ನಿಮ್ಮಂಥ ಸಜ್ಜನರನ್ನು ನಾನು ಕಂಡಿಲ್ಲ. ನನ್ನ ಕಣ್ಣು ಈಗ ಬೇಗ ದಣಿಯುತ್ತದೆ, ಡಾಕ್ಟರು ರಾತ್ರಿ ಕೆಲಸ ಬೇಡವೆಂದಿದ್ದಾರೆ. ಆದರೂ ನಿಮ್ಮ ಪತ್ನಿಯೊಬ್ಬರಿಗಾಗಿ ಇದನ್ನು ಹೇಗಾದರೂ ಮಾಡಿಕೊಡುತ್ತೇನೆ."

"ಕ್ಷೇಮಾ ನಾ ಯಾವಾಗ ಕೇಳಿದ್ನಿ?" ಎಂದ ಮಾವ.

ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವನ ಯಾವ ಬೈಗುಳವನ್ನು ನಾನು ಹೇಗೆ ಬರೆದೆನೆಂದು ಒಂದೊಂದಾಗಿ ಹೇಳಿದೆ. ಇನ್ನು ಸಿಡಿಯುತ್ತಾನೆ ಎಂದು ಕಾದೆ. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮಾವ ಸಿಡಿಯಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ, ತನಗೆ ಓದಲು ಬಾರದ ಆ ಇಂಗ್ಲಿಷ್ ಸಾಲುಗಳನ್ನೇ ನೋಡುತ್ತ ಕೂತ.

"ಬರಿ," ಎಂದ ಕೊನೆಗೆ. "ಈ ಸರ್ತಿ ನಾ ಅಂದಂಗ ಬರಿಬೇಕು ನೋಡು. ತಮ್ಮಾ, ನಾ ಸಜ್ಜನ ಅಲ್ಲ. ನಾನೂ ಬೈದೇನಿ, ಎಲ್ಲಾರಕಿಂತ ಜಾಸ್ತಿ ಬೈದೇನಿ. ಚಲೋ ಮಾತು ಬರದಾಕಿ ನನ್ನ ಅಕ್ಕನ ಮಗಳು. ನಿನಗ ಕಣ್ಣು ದಣೀತಾವ ಅಂತ ಗೊತ್ತಿರಲಿಲ್ಲಪಾ. ನೀ ಇದನ್ನ ಮಾಡಬ್ಯಾಡ. ನಮ್ಮ ಮನಿಯಾಕಿ ಸಲುವಾಗಂತೂ ಮಾಡಬ್ಯಾಡ. ಕಣ್ಣು ಹೋದ್ರ ಮನ್ಯಾಗ ಏನಾಕ್ಕೈತಿ ಅನ್ನೂದು ನಾ ನೋಡೇನಿ. ನಿನ್ನ ಕಣ್ಣು ನೀ ಕಾಯ್ಕೋ."

ನಾನು ಅತ್ತೆಯ ಕಡೆ ನೋಡಿದೆ. ಅವನು ಬಿಟ್ಟುಕೊಡುತ್ತಿದ್ದುದು ಅವಳ ಓದನ್ನು. ಅವಳ ನಗು ನಿಂತಿತ್ತು.

"ಹಂಗ ಬರಿಯವಾ," ಎಂದಳು ಅತ್ತೆ. "ಅವರವ್ವ ಅದಾಳೇನು ಕೇಳು. ಇದ್ರ, ಮಗನ್ನ ಲಗೂ ಮಲಗಸು ಅಂತ ನಾ ಹೇಳೇನಂತ ಹೇಳು."

ಅಷ್ಟನ್ನೂ ಅವರು ಹೇಳಿದ ಹಾಗೆಯೇ ಬರೆದೆ. ಒಂದು ಮಾತನ್ನೂ ತಿದ್ದಲಿಲ್ಲ, ತಿದ್ದುವಂಥದ್ದು ಏನೂ ಇರಲಿಲ್ಲ. ಇಷ್ಟು ವರ್ಷ ಈ ಮನುಷ್ಯನ ಪರವಾಗಿ ನಾನು ಲೋಕದ ಮುಂದೆ ನಾಚಿಕೊಂಡಿದ್ದೆ. ಅಂದು ಮಾತ್ರ ಅವನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಕಳಿಸುವ ಗುಂಡಿ ಒತ್ತಿದ ಮೇಲೂ ಹಿಂದಿರುಗಿ ಅವನ ಮುಖ ನೋಡಲು ಧೈರ್ಯವಾಗಲಿಲ್ಲ.

ನೋಡುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಬಾಗಿಲ ಹತ್ತಿರ, ಅತ್ತೆಯ ಕುರ್ಚಿಯ ಪಕ್ಕಕ್ಕೆ ತನ್ನ ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿಕೊಂಡು ಅಂದಿನ ಪೇಪರ್ ಬಿಡಿಸಿದ್ದ. ಮೊದಲ ಪುಟದ ಮೊದಲ ಸುದ್ದಿಯಿಂದ ಓದಲು ಶುರುಮಾಡಿದ. ಎರಡನೆಯ ಸಾಲಿಗೆ ಅವನ ಮುಖ ಕೆಂಪಾಯಿತು, ಬಾಯಿ ತೆರೆಯಿತು. ಅತ್ತೆಯನ್ನು ಒಮ್ಮೆ ನೋಡಿ, ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ.

"ಮುಂದ?" ಎಂದಳು ಅತ್ತೆ.

ಅವನು ಮೂರನೆಯ ಸಾಲು ಓದಿದ.